ಕಂಪ್ಯೂಟರ್ ಮಲಗುವ ಮೊದಲು ಡಿಸ್ಕ್ ಮಲಗಬೇಕು: ಸ್ಲೀಪ್, ಹೈಬರ್ನೇಟ್ ಮತ್ತು ಬೋರ್ಡಿನ ಸ್ವಿಚ್

ಗದಗಿನ ಮುದ್ರಣಾಲಯವಿರಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಿರಲಿ, ಹುಬ್ಬಳ್ಳಿಯ ಫೋಟೊ ಸ್ಟುಡಿಯೊ ಇರಲಿ, ರಾತ್ರಿ ಬಾಗಿಲು ಹಾಕುವಾಗ ನಡೆಯುವುದು ಹೆಚ್ಚುಕಡಿಮೆ ಒಂದೇ. ಸ್ಟಾರ್ಟ್ ಮೆನುವಿನಲ್ಲಿ ಸ್ಲೀಪ್ ಒತ್ತುತ್ತಾರೆ, ಪರದೆ ಕಪ್ಪಾಗುತ್ತದೆ, ಪರದೆ ಕಪ್ಪಾಯಿತೆಂದರೆ ಕೆಲಸ ಮುಗಿಯಿತೆಂದು ಗೋಡೆಯ ಬೋರ್ಡಿನ ಸ್ವಿಚ್ ಬಂದ್ ಮಾಡುತ್ತಾರೆ. ಕೆಲವು ತಿಂಗಳು ಏನೂ ಆಗುವುದಿಲ್ಲ. ಆಮೇಲೊಂದು ಬೆಳಿಗ್ಗೆ ರಿಪೇರಿಯವನಿಗೆ ಫೋನ್ ಬರುತ್ತದೆ: "ಸರ, ಎಲ್ಲಾ ಬಂತು, ಡಿ ಡ್ರೈವ್ ಅಷ್ಟ ಕಾಣವಲ್ದು."

ಡ್ರೈವ್ ಕೆಟ್ಟಿರಬಹುದು, ಕೆಡದೆಯೂ ಇರಬಹುದು. ಹಲವು ಸಲ ತೊಂದರೆ ಇರುವುದು ಡ್ರೈವಿನಲ್ಲಲ್ಲ, ಅದಕ್ಕೆ ಮಲಗಲು ಮತ್ತು ಏಳಲು ಸಿಕ್ಕ ಸಮಯದಲ್ಲಿ. ಹಾರ್ಡ್ ಡಿಸ್ಕಿಗೆ ಮಲಗಲು ಕೆಲವು ಸೆಕೆಂಡು ಬೇಕು, ಏಳಲು 5ರಿಂದ 15 ಸೆಕೆಂಡು ಬೇಕು, ಏಳುವ ಹೊತ್ತಿನಲ್ಲಿ ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಕರೆಂಟೂ ಬೇಕು. ಈ ಮೂರನ್ನು ಒದಗಿಸಿದರೆ ಬಹಳಷ್ಟು ತಕರಾರು ಅಲ್ಲಿಗೇ ನಿಲ್ಲುತ್ತವೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ.

ನಿಮ್ಮ ಯಂತ್ರದ ನಿದ್ದೆ ಯಾವ ಜಾತಿಯದು

ಮೊದಲು ಇದನ್ನು ತಿಳಿಯಬೇಕು, ಏಕೆಂದರೆ ಒಂದು ಯಂತ್ರಕ್ಕೆ ಹೊಂದಿದ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್ ಎ ಎಂದು ಹೊಡೆಯಿರಿ. ಯಾವ ಸ್ಥಿತಿಗಳು ಲಭ್ಯ, ಯಾವುವು ಇಲ್ಲ, ಇಲ್ಲದಿದ್ದರೆ ಏಕೆ ಎಂಬ ಪಟ್ಟಿ ಬರುತ್ತದೆ. ಸ್ಟ್ಯಾಂಡ್‌ಬೈ ಎಸ್-3 ಎಂದಿದ್ದರೆ ಅದು ಹಳೆಯ ಮಾದರಿಯ ನಿದ್ದೆ. ಸ್ಟ್ಯಾಂಡ್‌ಬೈ ಎಸ್-0 ಲೋ ಪವರ್ ಐಡಲ್ ಎಂದಿದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವುದು ಬಹುತೇಕ ಈ ಎರಡನೆಯದೇ.

ಲಿನಕ್ಸ್‌ನಲ್ಲಿ ಸಿಸ್ ಫೋಲ್ಡರಿನೊಳಗೆ ಪವರ್, ಅದರೊಳಗೆ ಮೆಮ್ ಅಂಡರ್‌ಸ್ಕೋರ್ ಸ್ಲೀಪ್ ಎಂಬ ಕಡತವಿದೆ. ಕ್ಯಾಟ್ ಆಜ್ಞೆಯಿಂದ ಓದಿದರೆ ಎಸ್2ಐಡಲ್, ಡೀಪ್ ಎಂಬ ಪದಗಳು ಕಾಣುತ್ತವೆ. ಚೌಕ ಆವರಣದೊಳಗೆ ಇರುವುದೇ ಈಗ ಜಾರಿಯಲ್ಲಿರುವುದು. ಡೀಪ್ ಎಂದರೆ ಎಸ್-3.

ಎಸ್-3ರಲ್ಲಿ ರ‍್ಯಾಮ್‌ಗೆ ಅಂದರೆ ನಡೆಯುತ್ತಿರುವ ಕೆಲಸ ಹಿಡಿದಿಡುವ ಮೆಮೊರಿಗೆ ಮಾತ್ರ ಕರೆಂಟ್ ಉಳಿಯುತ್ತದೆ. ಕ್ಯಾಬಿನೆಟ್ಟಿನೊಳಗೆ ಕರೆಂಟ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಬರುವ 12, 5 ಮತ್ತು 3.3 ವೋಲ್ಟ್ ಲೈನುಗಳೆಲ್ಲ ಬಂದ್. ಜೀವಂತವಾಗಿರುವುದು ನೇರಳೆ ಬಣ್ಣದ ವೈರಿನ 5 ವೋಲ್ಟ್ ಸ್ಟ್ಯಾಂಡ್‌ಬೈ ಒಂದೇ. ಹಾಗಾಗಿ ಡೆಸ್ಕ್‌ಟಾಪಿನ ಒಳಗಿರುವ ಡಿಸ್ಕ್‌ಗಳು ಎಸ್-3ರಲ್ಲಿ ನಿಜಕ್ಕೂ ಪೂರ್ತಿ ಆಫ್ ಆಗಿರುತ್ತವೆ. ಹೈಬರ್ನೇಟ್, ಅಂದರೆ ಎಸ್-4ರಲ್ಲಿ, ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆಫ್ ಆಗುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ಯಾವುದೂ ಪೂರ್ತಿ ಆಫ್ ಆಗದು. ಪ್ರೊಸೆಸರ್ ತೂಕಡಿಸುತ್ತದೆ, ತಿರುಗುವ ಭಾಗವಿಲ್ಲದ ಡಿಸ್ಕಾದ ಎಸ್‌ಎಸ್‌ಡಿ ತನ್ನ ಆಳದ ಪವರ್ ಸ್ಥಿತಿಗೆ ಇಳಿಯಬೇಕಾಗುತ್ತದೆ. ಅದು ಇಳಿಯದಿದ್ದರೆ ಬ್ಯಾಟರಿ ಖಾಲಿ, ಬ್ಯಾಗು ಬಿಸಿ.

ಪರದೆ ಕಪ್ಪಾದ ಮೇಲೆ ನಡೆಯುವುದು

ಸ್ಲೀಪ್ ಒತ್ತಿದಾಗ ಪರದೆ ಮೊದಲೇ ಆರುತ್ತದೆ, ಡಿಸ್ಕಿನ ಕೆಲಸ ಆಮೇಲೂ ನಡೆದಿರುತ್ತದೆ. ಮೊದಲು ವಿಂಡೋಸ್ ಅಥವಾ ಲಿನಕ್ಸ್ ತನ್ನ ಬಳಿ ಬಾಕಿ ಇರುವ ಬರಹವನ್ನು ಡಿಸ್ಕಿಗೆ ಕಳಿಸುತ್ತದೆ. ಡಿಸ್ಕಿನಲ್ಲೂ 64ರಿಂದ 256 ಎಂಬಿಯಷ್ಟು ತನ್ನದೇ ಬಫರ್ ಇರುತ್ತದೆ. ಅದನ್ನು ಮಾಹಿತಿ ಉಳಿಯುವ, ತಿರುಗುವ ತಟ್ಟೆಗೆ ಇಳಿಸಲು ಫ್ಲಶ್ ಕ್ಯಾಶ್ ಎಂಬ ಆದೇಶ ಹೋಗುತ್ತದೆ. ಆಮೇಲೆ ಕೂಡಲೇ ನಿಲ್ಲು ಎನ್ನುವ ಸ್ಟ್ಯಾಂಡ್‌ಬೈ ಇಮ್ಮೀಡಿಯೇಟ್ ಆದೇಶ. ಆಗ ಓದಿ ಬರೆಯುವ ಹೆಡ್‌ಗಳು ತಟ್ಟೆಯ ಮೇಲಿಂದ ಸರಿದು ಅಂಚಿನ ರ‍್ಯಾಂಪ್ ಮೇಲೆ ಕೂರುತ್ತವೆ, ಮೋಟರ್ ನಿಲ್ಲುತ್ತದೆ. ಇಷ್ಟೆಲ್ಲ ಆದ ಮೇಲೆ ಮದರ್‌ಬೋರ್ಡ್ ಹಸಿರು ವೈರಿನ ಮೂಲಕ ಎಸ್‌ಎಂಪಿಎಸ್‌ಗೆ ಮುಖ್ಯ ಲೈನುಗಳನ್ನು ನಿಲ್ಲಿಸಲು ಹೇಳುತ್ತದೆ.

ಬೋರ್ಡಿನ ಸ್ವಿಚ್ ಈ ನಡುವೆ ಬಂದ್ ಆದರೆ? ಹೆಡ್‌ಗಳು ಆಗ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತವೆ. ತಿರುಗುವ ವೇಗದಿಂದಲೇ ಮೋಟರ್ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ. ಡ್ರೈವ್ ಅದನ್ನು ಹಿಡಿದು ಹೆಡ್‌ಗಳನ್ನು ಹೇಗೋ ರ‍್ಯಾಂಪಿಗೆ ಎಳೆದು ಬಿಸಾಕುತ್ತದೆ. ಇದೇ ತುರ್ತು ಎಳೆತ. ಕಿವಿಗೂ ಗೊತ್ತಾಗುತ್ತದೆ. ಸರಿಯಾಗಿ ಮಲಗುವ ಡಿಸ್ಕ್ ಮೆಲ್ಲಗೆ "ಟಿಕ್" ಎಂದು, ಬಳಿಕ ಸ್ವರ ಇಳಿಸುತ್ತ ಐದಾರು ಸೆಕೆಂಡಿನಲ್ಲಿ ಸುಮ್ಮನಾಗುತ್ತದೆ. ಕರೆಂಟ್ ಕಿತ್ತ ಡಿಸ್ಕ್ ಒಣ ಕಡ್ಡಿ ಮುರಿದಂತೆ "ಟಕ್" ಎನ್ನುತ್ತದೆ. ಸಂಜೆ ಅಂಗಡಿ ಶಾಂತವಾದಾಗ ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಗೈ ಒತ್ತಿ ಸ್ಲೀಪ್ ಕೊಟ್ಟು ನೋಡಿ. ನಡುಕ ಇಳಿಯುವುದು, ನಿಲ್ಲುವುದು, ಅದರ ಹಿಂದೆಯೇ ಫ್ಯಾನ್ ನಿಲ್ಲುವುದು, ಮೂರೂ ಕೈಗೆ ಸಿಗುತ್ತವೆ. ಸ್ವಿಚ್ ಮುಟ್ಟುವುದಿದ್ದರೆ ಅದಾದ ಮೇಲೆ.

ಒಂದೆರಡು ಬಾರಿ ಹೀಗಾದರೆ ಡ್ರೈವ್ ತಡೆಯುತ್ತದೆ, ತಯಾರಕರು ಅದಕ್ಕೆಂದೇ ಆ ಏರ್ಪಾಟು ಮಾಡಿದ್ದಾರೆ. ದಿನಾ ರಾತ್ರಿ ಹೀಗೇ ಆದರೆ ರ‍್ಯಾಂಪು, ಹೆಡ್ಡು ಎರಡೂ ಸವೆಯುತ್ತವೆ.

ರಾತ್ರಿ ಸ್ವಿಚ್ ಬಂದ್ ಮಾಡುವವರಿಗೆ ಹೈಬರ್ನೇಟ್

ನಮ್ಮ ಕಡೆಯ ಅಂಗಡಿಗಳಲ್ಲಿ ರಾತ್ರಿ ಮೇನ್ ಬಂದ್ ಮಾಡುವುದು ಬೆಂಕಿ ಅವಘಡದ ದೃಷ್ಟಿಯಿಂದ ಒಳ್ಳೆಯ ರೂಢಿಯೇ, ಅದನ್ನು ಬಿಡಬೇಕಿಲ್ಲ. ಬಿಡಬೇಕಾದ್ದು ಅದರ ಜೊತೆ ಸ್ಲೀಪ್ ಬಳಸುವುದನ್ನು. ಎಸ್-3ರಲ್ಲಿರುವ ಯಂತ್ರದ ಕರೆಂಟ್ ಕಿತ್ತರೆ ರ‍್ಯಾಮಿನಲ್ಲಿದ್ದುದೆಲ್ಲ ಹೋಗುತ್ತದೆ. ಮಲಗುವ ಮುನ್ನ ಡಿಸ್ಕಿಗೆ ಇಳಿದದ್ದು ಉಳಿಯುತ್ತದೆ, ಸೇವ್ ಮಾಡದ ವಿನ್ಯಾಸ, ಅರ್ಧ ತುಂಬಿದ ಬಿಲ್ಲು ಉಳಿಯುವುದಿಲ್ಲ. ಬೆಳಿಗ್ಗೆ ಈವೆಂಟ್ ವ್ಯೂವರ್ ತೆರೆದರೆ ಕರ್ನಲ್ ಪವರ್, ಸಂಖ್ಯೆ 41 ಎಂಬ ಸಾಲು ಸಿಗುತ್ತದೆ: ಯಂತ್ರ ಸರಿಯಾಗಿ ಮುಚ್ಚದೆ ಮರಳಿ ಶುರುವಾಗಿದೆ ಎಂಬ ದಾಖಲೆ ಅದು.

ಹೈಬರ್ನೇಟ್ ಆಯ್ಕೆ ಎಷ್ಟೋ ಕಂಪ್ಯೂಟರುಗಳಲ್ಲಿ ಮೆನುವಿನಲ್ಲೇ ಇರುವುದಿಲ್ಲ. ತರುವ ಕ್ರಮ ಹೀಗೆ:

1. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆನ್ ಎಂದು ಕೊಡಿ.
2. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೂಸ್ ವಾಟ್ ದ ಪವರ್ ಬಟನ್ಸ್ ಡೂ. ಮೇಲೆ ಕಾಣುವ ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್ಅವೈಲಬಲ್ ಒತ್ತಿ.
3. ಕೆಳಗೆ ಹೈಬರ್ನೇಟ್ ಎದುರು ಗುರುತು ಹಾಕಿ ಸೇವ್ ಮಾಡಿ.
4. ಅದೇ ಪುಟದಲ್ಲಿ ಪವರ್ ಬಟನ್ ಒತ್ತಿದರೆ ಹೈಬರ್ನೇಟ್ ಆಗಲಿ ಎಂದೂ ಇಟ್ಟುಬಿಡಿ. ಅಂಗಡಿಯ ಹುಡುಗರಿಗೆ ಮೆನು ಹುಡುಕುವ ಕೆಲಸ ತಪ್ಪುತ್ತದೆ.

ಹೈಬರ್ನೇಟ್ ಬರೆಯುವುದು ಸಿ ಡ್ರೈವಿಗೆ. 6 ಜಿಬಿ ಬರೆಯಬೇಕಾಗಿದ್ದು, ಸಿ ಡ್ರೈವ್ ಸೆಕೆಂಡಿಗೆ 100 ಎಂಬಿ ವೇಗದ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಒಂದು ನಿಮಿಷ ಹಿಡಿಯುತ್ತದೆ. ಆ ಒಂದು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ, ಎಚ್‌ಡಿಡಿ ದೀಪ ಮಾತ್ರ ಮಿಣುಕುತ್ತಿರುತ್ತದೆ. ಸ್ವಿಚ್ ಬಂದ್ ಮಾಡುವ ಕೈ ಕಾಯಬೇಕಾದ್ದು ಆ ದೀಪಕ್ಕಾಗಿ. ದೀಪ ಆರಿ, ಫ್ಯಾನ್ ನಿಂತ ಮೇಲೆ ಧೈರ್ಯವಾಗಿ ಬಂದ್ ಮಾಡಿ.

ಸ್ವಿಚ್ ಬಂದ್ ಮಾಡುವ ರೂಢಿ ಇಲ್ಲ, ಆದರೆ ಮಧ್ಯಾಹ್ನ ಊಟಕ್ಕೆ ಹೋದಾಗ ಕರೆಂಟ್ ಹೋಗಿಬಿಡಬಹುದು ಎನ್ನುವವರಿಗೆ ಹೈಬ್ರಿಡ್ ಸ್ಲೀಪ್ ತಕ್ಕದ್ದು. ಅದು ರ‍್ಯಾಮಿನ ನಕಲನ್ನು ಡಿಸ್ಕಿಗೂ ಬರೆದಿಟ್ಟು ಆಮೇಲೆ ಎಸ್-3ಕ್ಕೆ ಹೋಗುತ್ತದೆ. ಕರೆಂಟ್ ಇದ್ದರೆ ಎರಡು ಸೆಕೆಂಡಿನಲ್ಲಿ ಏಳುತ್ತದೆ, ಹೋಗಿದ್ದರೆ ಹೈಬರ್ನೇಟಿನಂತೆ ಡಿಸ್ಕಿನಿಂದ ಏಳುತ್ತದೆ. ಹೆಸ್ಕಾಂನವರು ದುರಸ್ತಿಗೆಂದು ವಿದ್ಯುತ್ ನಿಲುಗಡೆಯ ಪ್ರಕಟಣೆ ಕೊಟ್ಟ ದಿನ ಇದರ ಬೆಲೆ ತಿಳಿಯುತ್ತದೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಎಂಬುದರ ಕೆಳಗೆ ಅಲೋ ಹೈಬ್ರಿಡ್ ಸ್ಲೀಪ್ ಎಂದಿರುತ್ತದೆ, ಆನ್ ಮಾಡಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರದಲ್ಲಿ ಈ ಆಯ್ಕೆ ಸಿಗುವುದಿಲ್ಲ.

ಪ್ರತಿ ಸಲ ಅಷ್ಟು ಬರೆದರೆ ಎಸ್‌ಎಸ್‌ಡಿ ಸವೆಯುವುದಿಲ್ಲವೆ ಎಂದು ಕೇಳುತ್ತಾರೆ. ಲೆಕ್ಕ ಹಾಕೋಣ. ಒಂದು ಸಲಕ್ಕೆ 6 ಜಿಬಿ, ದಿನಕ್ಕೆ 4 ಸಲ, ಒಟ್ಟು 24 ಜಿಬಿ. ವರ್ಷಕ್ಕೆ ಸುಮಾರು 8.8 ಟಿಬಿ. 300 ಟಿಬಿ ಬರಹದ ಖಾತರಿ ಇರುವ ಎಸ್‌ಎಸ್‌ಡಿಗೆ ಇದೊಂದರಿಂದಲೇ ಆಯಸ್ಸು ಮುಗಿಯಲು 34 ವರ್ಷ ಬೇಕು. ಆ ಚಿಂತೆ ಬೇಡ.

ಹೈಬರ್ನೇಟಿನ ಬಗ್ಗೆ ಒಂದು ಎಚ್ಚರಿಕೆಯಿದೆ, ಮದುವೆ ಸೀಸನ್ನಿನಲ್ಲಿ ಡಿಸ್ಕ್ ಹಿಡಿದು ಓಡಾಡುವ ಛಾಯಾಗ್ರಾಹಕರು ಇದನ್ನು ಮರೆಯಲೇಬಾರದು. ಕಂಪ್ಯೂಟರ್ ಹೈಬರ್ನೇಟ್ ಅಥವಾ ಸ್ಲೀಪ್‌ನಲ್ಲಿರುವಾಗ ಹೊರಗಿನ ಡಿಸ್ಕ್ ಕಿತ್ತು, ಇನ್ನೊಂದು ಕಂಪ್ಯೂಟರಿಗೆ ಹಾಕಿ, ಅದರಲ್ಲಿ ಫೋಟೊ ತುಂಬಿ, ಮತ್ತೆ ಮೊದಲಿನ ಯಂತ್ರಕ್ಕೆ ಸಿಕ್ಕಿಸಿ ಎಬ್ಬಿಸಬೇಡಿ. ಮಲಗಿದ ಯಂತ್ರದ ನೆನಪಿನಲ್ಲಿ ಆ ಡಿಸ್ಕಿನ ಹಳೆಯ ಚಿತ್ರವೇ ಉಳಿದಿರುತ್ತದೆ. ಎದ್ದ ಕೂಡಲೇ ಅದು ಹಳೆಯ ಲೆಕ್ಕದಂತೆ ಹೊಸ ಕಡತಗಳ ಮೇಲೆ ಬರೆಯಬಹುದು. ವಿಂಡೋಸ್ ಜೊತೆ ಲಿನಕ್ಸ್ ಹಾಕಿಕೊಂಡವರಿಗೂ ಇದೇ ಅಪಾಯ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂಬುದೂ ಅರೆ ಹೈಬರ್ನೇಟ್. ಎರಡು ವ್ಯವಸ್ಥೆ ಇರುವ ಯಂತ್ರದಲ್ಲಿ ಅದನ್ನು ಆಫ್ ಮಾಡಿಡಿ, ಹೈಬರ್ನೇಟಿನ ಗುರುತು ಇರುವ ಪುಟದಲ್ಲೇ ಅದೂ ಇದೆ.

ಅಂಕಿ ಓದಿ ತಿಳಿಯುವುದು

ಡ್ರೈವ್ ನೆಟ್ಟಗೆ ಮಲಗುತ್ತಿದೆಯೇ ಇಲ್ಲವೇ ಎಂಬುದನ್ನು ಊಹಿಸುವ ಅಗತ್ಯವೇ ಇಲ್ಲ, ಅದು ತನ್ನ ಲೆಕ್ಕ ತಾನೇ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಹೈಫನ್ ಎ ಸಾಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂಕಿಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತದೆ. ಫಂಕ್ಷನ್, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್‌ಗೆ ಹೋಗಿ 10 ಡಿಇಸಿ ಆರಿಸಿದರೆ ಮಾಮೂಲಿ ಅಂಕಿ ಬರುತ್ತದೆ. ಇದನ್ನು ಮಾಡದೆ 1ಎ ಎಂಬುದನ್ನು ನೋಡಿ ಗಾಬರಿಯಾಗುವವರು ಬಹಳ. ಅದು 26, ಅಷ್ಟೇ.

ಹಾರ್ಡ್ ಡಿಸ್ಕಿನಲ್ಲಿ ಕಣ್ಣಿಡಬೇಕಾದ ಸಾಲುಗಳು: 4 ಎಂದರೆ ಮೋಟರ್ ನಿಂತು ಶುರುವಾದ ಎಣಿಕೆ, 12 ಎಂದರೆ ಕರೆಂಟ್ ಬಂದುಹೋದ ಎಣಿಕೆ, 192 ತುರ್ತು ಎಳೆತ, 193 ಹೆಡ್‌ಗಳು ರ‍್ಯಾಂಪಿಗೆ ಹೋಗಿಬಂದ ಎಣಿಕೆ, 10 ಎಂದರೆ ಮೋಟರ್ ಒಂದೇ ಯತ್ನಕ್ಕೆ ವೇಗ ಹಿಡಿಯದೆ ಮರುಯತ್ನ ಮಾಡಿದ್ದು, 199 ಕೇಬಲ್‌ನಲ್ಲಿ ಮಾಹಿತಿ ಕೆಟ್ಟದ್ದು. ಎನ್‌ವಿಎಂಇ ಎಂಬ ವೇಗದ ಮಾದರಿಯ ಎಸ್‌ಎಸ್‌ಡಿಯಲ್ಲಿ ನೋಡಬೇಕಾದ್ದು ಅನ್‌ಸೇಫ್ ಶಟ್‌ಡೌನ್ಸ್. "ಈಗ ಮುಚ್ಚು" ಎಂಬ ಸೂಚನೆ ಬಾರದೆಯೇ ಕರೆಂಟ್ ಹೋದಾಗ ಅದು ಒಂದು ಏರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲು ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ, ಅಂದರೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ, ಮತ್ತೆ ಆನ್ ಮಾಡಿ, ಎಷ್ಟೆಷ್ಟು ಏರಿತೆಂದು ಗುರುತಿಸಿ. ಎಲ್ಲ ತಯಾರಕರೂ ಒಂದೇ ರೀತಿ ಎಣಿಸುವುದಿಲ್ಲ. ಕೆಲವು ಡ್ರೈವ್‌ಗಳಲ್ಲಿ ಸರಿಯಾದ ಶಟ್‌ಡೌನ್‌ಗೂ 192 ಏರಬಹುದು. ಅಂಥ ಡ್ರೈವಿನಲ್ಲಿ ಆ ಸಾಲನ್ನು ನಂಬಬೇಡಿ. ಆಮೇಲೆ ಐದು ಸಲ ಸ್ಲೀಪ್ ಕೊಟ್ಟು ಎಬ್ಬಿಸಿ. ಎಸ್-3 ಯಂತ್ರದಲ್ಲಿ 4 ಮತ್ತು 12 ಐದೈದು ಏರಬೇಕು, 192 ಇದ್ದಲ್ಲೇ ಇರಬೇಕು. 192 ಸಹ ಐದು ಏರಿದ್ದರೆ ಸ್ಟ್ಯಾಂಡ್‌ಬೈ ಆದೇಶ ಡ್ರೈವಿಗೆ ಮುಟ್ಟುವ ಮೊದಲೇ ಕರೆಂಟ್ ಹೋಗುತ್ತಿದೆ ಎಂದರ್ಥ. ಡಿಸ್ಕ್ ಕಂಟ್ರೋಲರಿನ ಡ್ರೈವರ್ ಮತ್ತು ಮದರ್‌ಬೋರ್ಡಿನೊಳಗಿನ ತಂತ್ರಾಂಶವಾದ ಬಯಾಸ್, ಇವೆರಡರ ಅಪ್‌ಡೇಟಿನಿಂದ ಶುರು ಮಾಡಿ.

ಎದ್ದ ಮೇಲೆ ಡಿ ಡ್ರೈವ್ ಕಾಣದಿದ್ದರೆ

ಕ್ಯಾಬಿನೆಟ್ ಬಿಚ್ಚುವ ಮೊದಲು 20 ಸೆಕೆಂಡು ಕಾಯಿರಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಆಕ್ಷನ್ ಮೆನುವಿನಲ್ಲಿ ರೀಸ್ಕ್ಯಾನ್ ಡಿಸ್ಕ್ಸ್ ಒತ್ತಿ. ಬಂತೆಂದರೆ ಡ್ರೈವ್ ಬದುಕಿದೆ, ಏಳುವುದು ತಡವಾಗಿತ್ತು. ಲಿನಕ್ಸ್‌ನಲ್ಲಿ ಡಿಮೆಸ್ಜ್ (ಡಿ, ಎಂ, ಇ, ಎಸ್, ಜಿ) ಆಜ್ಞೆಯ ದಾಖಲೆಯಲ್ಲಿ "ಲಿಂಕ್ ಈಸ್ ಸ್ಲೋ ಟು ರೆಸ್ಪಾಂಡ್, ಪ್ಲೀಸ್ ಬಿ ಪೇಷಂಟ್" ಎಂಬ ಸಾಲು ಇಂಥ ಹೊತ್ತಿನಲ್ಲೇ ಕಾಣುವುದು. ಹೆದರುವಂಥದ್ದಲ್ಲ. ಅದರ ಬೆನ್ನಿಗೆ "ಕಾಮ್‌ರೀಸೆಟ್ ಫೇಲ್ಡ್" ಬಂದರೆ ಮಾತ್ರ ಹುಡುಕಾಟ ಶುರು ಮಾಡಿ. ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ಇದಕ್ಕೆ ಸಮನಾದದ್ದು 129, ರೀಸೆಟ್ ಟು ಡಿವೈಸ್ ಎಂಬ ಎಚ್ಚರಿಕೆ.

ಏಳುವುದು ತಡವಾಗಲು ಮೊದಲ ಕಾರಣ ಕರೆಂಟಿನ ಕೊರತೆ. 3.5 ಇಂಚಿನ ಡಿಸ್ಕ್ ತಿರುಗುತ್ತಿರುವಾಗ 5ರಿಂದ 8 ವ್ಯಾಟ್ ತೆಗೆದುಕೊಳ್ಳುತ್ತದೆ. ನಿಂತ ತಟ್ಟೆಯನ್ನು ತಿರುಗಿಸಲು ಶುರು ಮಾಡುವಾಗ 12 ವೋಲ್ಟಿನಲ್ಲೇ 2 ಆಂಪಿಯರ್‌ನಷ್ಟು, ಅಂದರೆ 24 ವ್ಯಾಟ್. ಹಳೆಯ ಲಗ್ನಪತ್ರಿಕೆ ವಿನ್ಯಾಸಗಳನ್ನೆಲ್ಲ ಕೂಡಿಟ್ಟಿರುವ ಮುದ್ರಣಾಲಯದ ಯಂತ್ರದಲ್ಲಿ ನಾಲ್ಕು ಡಿಸ್ಕ್ ಇವೆಯೆನ್ನಿ, ಸ್ಲೀಪ್‌ನಿಂದ ಎದ್ದಾಗ ನಾಲ್ಕೂ ಒಟ್ಟಿಗೆ ಏಳುತ್ತವೆ. 8 ಆಂಪಿಯರ್, 96 ವ್ಯಾಟ್, ಅದೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕೂಡ ಎಚ್ಚರಗೊಳ್ಳುವ ಅದೇ ಕ್ಷಣದಲ್ಲಿ. ಎಸ್‌ಎಂಪಿಎಸ್ ಮೇಲಿನ ದೊಡ್ಡ 450 ಎಂಬ ಅಂಕಿ ಇಲ್ಲಿ ಸಾಕ್ಷಿಯಾಗದು. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆಯೋ ಅದನ್ನು ಓದಿ. ನಾಲ್ಕು ಡಿಸ್ಕನ್ನೂ ಒಂದೇ ವೈರಿನ ಸ್ಪ್ಲಿಟ್ಟರಿನಲ್ಲಿ ನೇತುಹಾಕಿದ್ದರೆ ಎರಡೆರಡಾಗಿ ಬೇರೆ ಬೇರೆ ವೈರಿಗೆ ಹಂಚಿ. ಕನೆಕ್ಟರ್ ಕಂದುಬಣ್ಣಕ್ಕೆ ತಿರುಗಿದ್ದರೆ ಅಥವಾ ಬಿಸಿಯಾಗಿ ಮೆತ್ತಗಾಗಿದ್ದರೆ ಎಸೆದುಬಿಡಿ.

199 ಏರುತ್ತಿದ್ದರೆ ಸಾಟಾ ಕೇಬಲ್ ಬದಲಿಸಿ, ಖರ್ಚು ಸಣ್ಣದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತ ಇರುವ ಯಂತ್ರಗಳಲ್ಲಿ ಖಾರದ ಧೂಳು ಕನೆಕ್ಟರಿನ ಸಂದಿಗೂ ಇಳಿದಿರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲೋವರ್ ಹಿಡಿಯುವ ಮೊದಲು ಯಂತ್ರವನ್ನು ಅಂಗಳಕ್ಕೆ ಒಯ್ಯಿರಿ. ಕೇಬಲ್ ಎರಡೂ ತುದಿ ಕಿತ್ತು, ಒರೆಸಿ, ಮತ್ತೆ ಕೂರಿಸಿ.

ಸಾಲು 10 ಸೊನ್ನೆಗಿಂತ ಮೇಲಿದ್ದರೆ ಬೇರೆ ಯಾವ ಪ್ರಯೋಗವೂ ಬೇಡ. ಎಸ್‌ಎಂಪಿಎಸ್‌ನ ದೋಷವೂ ಇರಬಹುದು, ಮೋಟರಿನ ಬೇರಿಂಗ್ ಬಿಗಿಯಾಗಿರಲೂಬಹುದು. ಯಾವುದೆಂದು ಹುಡುಕುವ ಮೊದಲು ಬ್ಯಾಕಪ್ ತೆಗೆಯಿರಿ. ತೆಗೆಯುವವರೆಗೆ ಯಂತ್ರವನ್ನು ಮಲಗಿಸಬೇಡಿ, ಆಫೂ ಮಾಡಬೇಡಿ. ನಿಂತ ಡಿಸ್ಕ್ ಮತ್ತೆ ತಿರುಗುತ್ತದೆಂಬ ಖಾತರಿ ಇಲ್ಲ.

ಇನ್ವರ್ಟರ್ ಮೇಲೆ ಡೆಸ್ಕ್‌ಟಾಪ್ ನಡೆಸುವವರು ಅದರ ಹಿಂದಿನ ಚಿಕ್ಕ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಟ್ಟುಕೊಳ್ಳಿ. ಪೂರ್ತಿ ಲೋಡಿನಲ್ಲಿರುವ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆಯುವುದು 16, 17 ಮಿಲಿಸೆಕೆಂಡು ಮಾತ್ರ. ಮಾಮೂಲಿ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಡಿಸ್ಕ್‌ಗಳು ಏಳುತ್ತಿರುವಾಗಲೇ ಆ ಬದಲಾವಣೆ ಬಿದ್ದರೆ ಯಂತ್ರ ರೀಸ್ಟಾರ್ಟ್ ಆಗುತ್ತದೆ.

ಹೊರಗಿನ ಯುಎಸ್‌ಬಿ ಡಿಸ್ಕ್

ಯಂತ್ರ ಮಲಗುವಾಗ ಯುಎಸ್‌ಬಿ ಪೋರ್ಟಿನ ಕರೆಂಟ್ ಉಳಿಯುವುದೋ ಹೋಗುವುದೋ ಎಂಬುದು ಬಯಾಸ್ ಮತ್ತು ಮದರ್‌ಬೋರ್ಡಿಗೆ ಬಿಟ್ಟದ್ದು. ನಡುವೆ ಇರುವ ಬ್ರಿಡ್ಜ್ ಚಿಪ್ ಸ್ಟ್ಯಾಂಡ್‌ಬೈ ಆದೇಶವನ್ನು ಡಿಸ್ಕಿಗೆ ದಾಟಿಸುವುದೋ ನುಂಗುವುದೋ ಎಂಬುದು ಆ ಚಿಪ್ಪಿಗೆ ಬಿಟ್ಟದ್ದು. ಎರಡರ ಮೇಲೂ ನಮ್ಮ ಹಿಡಿತವಿಲ್ಲದ ಕಾರಣ ಒಂದೇ ನಿಯಮ: ಮಲಗಿಸುವ ಮುನ್ನ ಸೇಫ್ಲಿ ರಿಮೂವ್ ಕೊಡಿ, ಡಬ್ಬಿಯ ಮೇಲೆ ಬೆರಳಿಟ್ಟು ನಡುಕ ನಿಂತಿತೆಂದು ಖಚಿತಪಡಿಸಿಕೊಂಡು ಕೇಬಲ್ ತೆಗೆಯಿರಿ.

2.5 ಇಂಚಿನ ಡಿಸ್ಕ್ ಏಳುವಾಗ 5 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಕೇಳುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಮುಂದಿನ ಪೋರ್ಟಿಗೆ, ಅದೂ ಉದ್ದ ಕೇಬಲ್‌ನಲ್ಲಿ ಹಾಕಿದ ಡಿಸ್ಕ್ ಎದ್ದ ಮೇಲೆ "ಟಿಕ್ ಟಿಕ್" ಎಂದು ಮತ್ತೆ ಮತ್ತೆ ಯತ್ನಿಸುವುದು ಇದಕ್ಕೇ. ಹಿಂದಿನ ನೀಲಿ ಪೋರ್ಟಿಗೆ ಗಿಡ್ಡ ಕೇಬಲ್‌ನಲ್ಲಿ ಹಾಕಿ ನೋಡಿ.

ಸುಮ್ಮನಿದ್ದಾಗ ನಿಲ್ಲುವುದು ಬೇರೆ ವಿಷಯ

ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್ ಎಂಬ ಆಯ್ಕೆಗೂ ಸ್ಲೀಪ್‌ಗೂ ಸಂಬಂಧವಿಲ್ಲ. ಯಂತ್ರ ಎಚ್ಚರವಿದ್ದೇ ಡಿಸ್ಕ್ ಮಾತ್ರ ನಿಲ್ಲುವ ಅವಧಿ ಅದು. ಬ್ಯಾಲೆನ್ಸ್ಡ್ ಪ್ಲಾನಿನಲ್ಲಿ ಅದು 20 ನಿಮಿಷ ಇರುತ್ತದೆ. ವಿದ್ಯುತ್ ಉಳಿಸುವ ಹುಮ್ಮಸ್ಸಿನಲ್ಲಿ 2 ನಿಮಿಷಕ್ಕೆ ಇಳಿಸಬೇಡಿ. ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಹೆಡ್ ಏರಿಳಿತದ ಮಿತಿ ಮಾದರಿ ನೋಡಿ 3 ಲಕ್ಷ ಅಥವಾ 6 ಲಕ್ಷ ಇರುತ್ತದೆ. ಗಂಟೆಗೆ 30 ಸಲದಂತೆ ದಿನಕ್ಕೆ 10 ಗಂಟೆ ಏರಿಳಿದರೆ 3 ಲಕ್ಷ ಮುಗಿಯಲು 1000 ದಿನ ಸಾಕು. ಅಂಗಡಿಯ ಕೆಲಸದ ಡಿಸ್ಕಿಗೆ 0 ಹಾಕಿ, ಅಂದರೆ ನಿಲ್ಲುವುದೇ ಬೇಡ. ಬ್ಯಾಕಪ್ ಡಿಸ್ಕಿಗೆ ಮಾತ್ರ ಅರ್ಧ ಗಂಟೆ ಒಳ್ಳೆಯದು. ಆದರೆ ವಿಂಡೋಸ್‌ನಲ್ಲಿ ಈ ಅವಧಿ ಎಲ್ಲ ಡಿಸ್ಕಿಗೂ ಒಂದೇ.

ಲಿನಕ್ಸ್‌ನಲ್ಲಿ ಡಿಸ್ಕಿಗೊಂದರಂತೆ ಇಡಬಹುದು. ಎಚ್‌ಡಿಪಾರ್ಮ್ ಎಂಬ ಸಾಧನಕ್ಕೆ ಹೈಫನ್, ದೊಡ್ಡಕ್ಷರದ ಎಸ್, ಅದರ ಮುಂದೆ ಒಂದು ಅಂಕಿ ಕೊಡಬೇಕು. ಆ ಅಂಕಿಯ ಲೆಕ್ಕ ವಿಚಿತ್ರ. 1ರಿಂದ 240ರವರೆಗೆ ಪ್ರತಿಯೊಂದೂ 5 ಸೆಕೆಂಡು, ಹಾಗಾಗಿ 120 ಎಂದರೆ 10 ನಿಮಿಷ, 240 ಎಂದರೆ 20 ನಿಮಿಷ. 241 ಎಂದರೆ ಒಮ್ಮೆಲೇ 30 ನಿಮಿಷ, 242 ಒಂದು ಗಂಟೆ. 30 ನಿಮಿಷ ಬೇಕೆಂದು 30 ಹಾಕಿದರೆ ಎರಡೂವರೆ ನಿಮಿಷಕ್ಕೊಮ್ಮೆ ಡಿಸ್ಕ್ ನಿಲ್ಲುತ್ತದೆ. ಹೈಫನ್ ದೊಡ್ಡಕ್ಷರದ ಸಿ ಕೊಟ್ಟರೆ ಡಿಸ್ಕನ್ನು ಎಬ್ಬಿಸದೆ ಅದರ ಸ್ಥಿತಿ ಹೇಳುತ್ತದೆ. ಸಣ್ಣಕ್ಷರದ ವೈ ಕೊಟ್ಟರೆ ಕೂಡಲೇ ನಿಲ್ಲಿಸುತ್ತದೆ. ದೊಡ್ಡಕ್ಷರದ ವೈ ಬೇಡ. ಅದು ರೀಸೆಟ್ ಆಗುವವರೆಗೆ ಏಳದ ಗಾಢನಿದ್ದೆ, ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕಿಗೆ ಕೊಟ್ಟರೆ ಕೇಬಲ್ ಕಿತ್ತು ಹಾಕಬೇಕಾದೀತು.

ಎಸ್-3ರಲ್ಲಿ ಡಿಸ್ಕಿನ ಕರೆಂಟ್ ಪೂರ್ತಿ ಹೋಗುವುದರಿಂದ ಈ ಅವಧಿಯೂ ಅಳಿಸಿಹೋಗಬಹುದು, ಎದ್ದ ಮೇಲೆ ಮತ್ತೆ ಕೊಡಬೇಕು. ಸಿಸ್ಟಮ್‌ಡಿ ಇರುವ ಲಿನಕ್ಸ್‌ಗಳಲ್ಲಿ ಯುಎಸ್‌ಆರ್, ಲಿಬ್, ಸಿಸ್ಟಮ್‌ಡಿ, ಸಿಸ್ಟಮ್ ಹೈಫನ್ ಸ್ಲೀಪ್ ಎಂಬ ಫೋಲ್ಡರಿನಲ್ಲಿ ಚಿಕ್ಕ ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡಿ. ಮಲಗುವಾಗ ಅದಕ್ಕೆ ಪ್ರಿ ಎಂದೂ, ಎದ್ದಾಗ ಪೋಸ್ಟ್ ಎಂದೂ ಮೊದಲ ಪದ ಬರುತ್ತದೆ. ಪೋಸ್ಟ್ ಬಂದಾಗ ಅವಧಿಯನ್ನು ಮತ್ತೆ ಹೊಂದಿಸಿ, ಬೇಕಿದ್ದರೆ ಬ್ಯಾಕಪ್ ಡಿಸ್ಕನ್ನು ಸಣ್ಣಕ್ಷರದ ವೈಯಿಂದ ಮತ್ತೆ ಮಲಗಿಸಿ. ಡಿಸ್ಕಿನ ಹೆಸರನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯಬೇಡಿ, ಆ ಹೆಸರುಗಳು ಅದಲುಬದಲಾಗುತ್ತವೆ. ಬೈ ಹೈಫನ್ ಐಡಿ ಫೋಲ್ಡರಿನಲ್ಲಿರುವ, ಸೀರಿಯಲ್ ನಂಬರ್ ಇರುವ ಉದ್ದ ಹೆಸರನ್ನೇ ಹಾಕಿ.

ಎನ್‌ವಿಎಂಇ ಮತ್ತು ಬ್ಯಾಗಿನಲ್ಲಿ ಬಿಸಿಯಾಗುವ ಲ್ಯಾಪ್‌ಟಾಪ್

ಎನ್‌ವಿಎಂಇಗೆ ತಿರುಗುವ ತಟ್ಟೆಯಿಲ್ಲ, ಮೆಟ್ಟಿಲುಗಳಿವೆ. ಪಿಎಸ್-0 ಪೂರ್ತಿ ಎಚ್ಚರ. ಹಲವು ಡ್ರೈವ್‌ಗಳಲ್ಲಿ ಪಿಎಸ್-3, ಪಿಎಸ್-4 ಕೆಲಸ ಮಾಡದ ಆಳದ ಸ್ಥಿತಿಗಳು, ಅಲ್ಲಿ ಖರ್ಚು ಕೆಲವೇ ಮಿಲಿವ್ಯಾಟ್. ಆಳಕ್ಕೆ ಇಳಿದಷ್ಟೂ ಮೇಲೆ ಬರಲು ಹೆಚ್ಚು ಹೊತ್ತು. ಕೆಲವು ಡ್ರೈವ್ ಮತ್ತು ಮದರ್‌ಬೋರ್ಡ್ ಜೋಡಿಗಳು ಕೊನೆಯ ಮೆಟ್ಟಿಲಿನಿಂದ ಮೇಲೇಳಲಾರದೆ ನಿಂತುಬಿಡುತ್ತವೆ. ಎದ್ದ ಮೇಲೆ ಮೌಸ್ ಓಡಾಡುತ್ತದೆ, ಏನನ್ನು ಒತ್ತಿದರೂ ತೆರೆಯುವುದಿಲ್ಲ, ಸ್ವಲ್ಪದರಲ್ಲೇ ಎಲ್ಲ ಸ್ತಬ್ಧ. ಲಿನಕ್ಸ್‌ನಲ್ಲಿ "ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್" ಎಂಬ ಸಾಲು ಸಿಗುತ್ತದೆ.

ಮೊದಲು ಎಸ್‌ಎಸ್‌ಡಿಯೊಳಗಿನ ತಂತ್ರಾಂಶವಾದ ಫರ್ಮ್‌ವೇರ್, ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ ವಿಂಡೋಸ್‌ನ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಕೆಳಗಿರುವ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟನ್ನು ಆಫ್ ಮಾಡಿ ಎರಡು ದಿನ ನೋಡಿ. ಲಿನಕ್ಸ್‌ನಲ್ಲಿ ಎನ್‌ವಿಎಂಇ ಐಡಿ ಹೈಫನ್ ಸಿಟಿಆರ್‌ಎಲ್ ಆಜ್ಞೆ ಪ್ರತಿ ಮೆಟ್ಟಿಲಿಗೂ ಎನ್‌ಲ್ಯಾಟ್, ಎಕ್ಸ್‌ಲ್ಯಾಟ್ ಎಂಬ ಎರಡು ಅಂಕಿಗಳನ್ನು ಮೈಕ್ರೊಸೆಕೆಂಡಿನಲ್ಲಿ ಕೊಡುತ್ತದೆ. ಕೊನೆಯ ಮೆಟ್ಟಿಲಿನ ಎರಡನ್ನೂ ಕೂಡಿಸಿ. ಎನ್‌ವಿಎಂಇ ಕೋರ್‌, ಚುಕ್ಕೆ, ಡೀಫಾಲ್ಟ್ ಪಿಎಸ್ ಮ್ಯಾಕ್ಸ್ ಲೇಟೆನ್ಸಿ ಯುಎಸ್ (ಪದಗಳ ನಡುವೆ ಸ್ಪೇಸ್ ಬದಲು ಅಂಡರ್‌ಸ್ಕೋರ್) ಎಂಬ ಕರ್ನಲ್ ಆಯ್ಕೆಗೆ ಆ ಮೊತ್ತಕ್ಕಿಂತ ಕಡಿಮೆ, ಹಿಂದಿನ ಮೆಟ್ಟಿಲಿನ ಮೊತ್ತಕ್ಕಿಂತ ಹೆಚ್ಚಿನ ಅಂಕಿ ಕೊಟ್ಟರೆ ಕೊನೆಯದೊಂದೇ ತಪ್ಪುತ್ತದೆ. ಬಹಳ ಜನ ನೇರವಾಗಿ 0 ಹಾಕುತ್ತಾರೆ. ಅದರಿಂದ ಎಲ್ಲ ಮೆಟ್ಟಿಲುಗಳೂ ಮುಚ್ಚಿ ಬ್ಯಾಟರಿ ಬೇಗ ಇಳಿಯುತ್ತದೆ. 0 ಪತ್ತೆಗೆ ಒಳ್ಳೆಯದು, ಕಾಯಂ ಆಗಿ ಇಡುವಂಥದ್ದಲ್ಲ.

ಧಾರವಾಡದಲ್ಲಿ ಮುಚ್ಚಳ ಮುಚ್ಚಿ ಚಿಗರಿ ಬಸ್ ಹತ್ತಿ, ಹುಬ್ಬಳ್ಳಿಯಲ್ಲಿ ತೆಗೆದರೆ ಲ್ಯಾಪ್‌ಟಾಪ್ ಕಾವಲಿಯಂತೆ ಸುಡುತ್ತಿದ್ದರೆ, ಅದು ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ಯಾವುದೋ ಒಂದು ಭಾಗ ಮಲಗದೆ ಉಳಿದದ್ದರ ಗುರುತು. ಪವರ್‌ಸಿಎಫ್‌ಜಿ ಸ್ಲ್ಯಾಶ್ ಸ್ಲೀಪ್‌ಸ್ಟಡಿ ಎಂಬ ಆಜ್ಞೆ ವರದಿಯೊಂದನ್ನು ಬರೆದುಕೊಡುತ್ತದೆ. ಅದರಲ್ಲಿ ಪ್ರತಿ ನಿದ್ದೆಯ ಅವಧಿ, ಇಳಿದ ಬ್ಯಾಟರಿ, ಎಚ್ಚರವಿದ್ದ ಭಾಗದ ಹೆಸರು ಎಲ್ಲವೂ ಇರುತ್ತವೆ. ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಎಂದಿಟ್ಟುಬಿಡುವುದು ಪ್ರಯಾಣಿಸುವವರಿಗೆ ಖಚಿತ ಪರಿಹಾರ. ಒಳಗೆ ಹಾರ್ಡ್ ಡಿಸ್ಕೇ ಇರುವ ಹಳೆಯ ಲ್ಯಾಪ್‌ಟಾಪ್ ಆದರಂತೂ ಸ್ಲೀಪ್‌ನ ಕೆಳಗಿನ ಅಲೋ ವೇಕ್ ಟೈಮರ್ಸ್ ಆಯ್ಕೆಯನ್ನೂ ಡಿಸೇಬಲ್ ಮಾಡಿ. ಅಪ್‌ಡೇಟಿಗೆಂದು ಅದು ಬ್ಯಾಗಿನೊಳಗೇ ಎದ್ದು, ಬಸ್ಸು ಕುಲುಕುವಾಗ ತಟ್ಟೆ ತಿರುಗುತ್ತಿದ್ದರೆ ಹೆಡ್‌ಗೆ ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ರಾತ್ರಿ ತಾನಾಗಿ ಏಳುವ ಡೆಸ್ಕ್‌ಟಾಪಿಗೂ ಇದೇ ಮದ್ದು. ಯಾರು ಎಬ್ಬಿಸಿದರು ಎಂಬುದನ್ನು ಪವರ್‌ಸಿಎಫ್‌ಜಿ ಸ್ಲ್ಯಾಶ್ ಲಾಸ್ಟ್‌ವೇಕ್ ಹೇಳುತ್ತದೆ.

ಬದಲಾವಣೆಗಳನ್ನು ಒಮ್ಮೆಗೆ ಒಂದೇ ಮಾಡಿ, ಮೊದಲು ಬರೆದಿಟ್ಟ ಚೀಟಿಯ ಪಕ್ಕದಲ್ಲಿ ವಾರದ ನಂತರದ ಅಂಕಿಗಳನ್ನು ಬರೆಯಿರಿ. 12 ಏರಿದ್ದು, 192 ಅಥವಾ ಅನ್‌ಸೇಫ್ ಶಟ್‌ಡೌನ್ಸ್ ಏರದೆ ನಿಂತಿದ್ದರೆ ಅಲ್ಲಿಗೆ ಕೈ ಬಿಡಿ. ಯಾರೂ ಸ್ವಿಚ್ ಮುಟ್ಟದೆ, ಕರೆಂಟೂ ಹೋಗದೆ ಅವು ಏರುತ್ತಲೇ ಇದ್ದರೆ ಇನ್ನೊಂದು ಎಸ್‌ಎಂಪಿಎಸ್ ಎರವಲು ತಂದು ಎರಡು ದಿನ ಹಾಕಿ ನೋಡಿ. ಆ ಎರಡು ದಿನದಲ್ಲಿ ಅಂಕಿ ನಿಂತರೆ ಹಳೆಯ ಎಸ್‌ಎಂಪಿಎಸ್ ಬದಲಿಸುವ ಸಮಯ ಬಂದಿದೆ.